ನಾಲ್ಕನೇ ಹುಡುಗಿಯ ಕೋಚ್

ಕಾರವಾರಕ್ಕೆ ವೀಕೆಂಡ್ ಟ್ರಿಪ್ ಅಂದ್ರೆ ಎಲ್ಲರ ಲಿಸ್ಟೂ ಹೆಚ್ಚುಕಮ್ಮಿ ಒಂದೇ. ಟ್ಯಾಗೋರ್ ಕಡಲತೀರ, ಅಲ್ಲೇ ದಡದಲ್ಲಿ ನಿಂತಿರುವ ಚಪಲ್ ಯುದ್ಧನೌಕೆ, ಕಾಳಿ ನದಿ, ಸದಾಶಿವಗಡ, ಮಧ್ಯಾಹ್ನ ಮೀನೂಟ, ಸಂಜೆ ಸೂರ್ಯಾಸ್ತ. ಚೆನ್ನಾಗೇ ಇರುತ್ತೆ. ಆದ್ರೆ ಈ ಲಿಸ್ಟಿನಲ್ಲಿ ಬೆಳಗಿನ ಐದೂವರೆ ಗಂಟೆ ಇರೋದಿಲ್ಲ.

ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ಬಂದ್ರೆ ಒಮ್ಮೆ ಆ ಹೊತ್ತಿಗೆ ಎದ್ದು ತೀರಕ್ಕೆ ಹೋಗಿ. ಮೀನುಗಾರರ ದೋಣಿಗಳ ಪಕ್ಕದಲ್ಲಿ ಕಾಲೇಜು ಹುಡುಗಿಯರು ಒದ್ದೆ ಮರಳಿನ ಮೇಲೆ ಓಡೋದು ಕಾಣಬಹುದು. ಕ್ರಾಸ್ ಕಂಟ್ರಿ ಅನ್ನೋದು ಸ್ಟೇಡಿಯಂ ಕೇಳದ ಆಟ. ಮಣ್ಣು, ಹುಲ್ಲು, ಏರು, ಇಳಿಜಾರು, ಕೆಸರು, ಎಲ್ಲಾ ಅದರ ಟ್ರ್ಯಾಕೇ. ಇವೆಲ್ಲವನ್ನೂ ಧಾರಾಳವಾಗಿ ಇಟ್ಟುಕೊಂಡಿರೋ ಜಿಲ್ಲೆ ನಮ್ಮದು.

ನನಗೆ ಈ ಲೋಕದ ಪರಿಚಯ ಆಗಿದ್ದು ಚಿಕ್ಕಮ್ಮನ ಮಗಳಿಂದ. ಡಿಗ್ರಿ ಓದುವಾಗ ಅವಳು ಕಾಲೇಜಿನ ಕ್ರಾಸ್ ಕಂಟ್ರಿ ಟೀಮಿನಲ್ಲಿದ್ದಳು. ಅವಳ ಪಿ.ಡಿ. ಮೇಡಂ, ಅಂದ್ರೆ ದೈಹಿಕ ಶಿಕ್ಷಣ ನಿರ್ದೇಶಕಿ, ಈಗ ನಿವೃತ್ತರು. ನೌಕರಿಯ ಮೊದಲ ಅರ್ಧ ಕಾರವಾರದಲ್ಲಿ, ಉಳಿದರ್ಧ ಅಂಕೋಲಾ ಕಡೆ. ಕಳೆದ ಬಾರಿ ಬೆಂಗಳೂರಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದಾಗ ಎರಡು ದಿನ ಅವರ ಜೊತೆ ಅವರು ಹುಡುಗಿಯರನ್ನು ಓಡಿಸಿದ ಜಾಗಗಳನ್ನೆಲ್ಲ ಸುತ್ತಿದೆ. "ಬರಿ ತಮಾ, ಆದ್ರೆ ನನ್ನ ಹೆಸ್ರು, ಕಾಲೇಜಿನ ಹೆಸ್ರು ಯಾವ್ದೂ ಬ್ಯಾಡ" ಅಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ಪಂಚಾಂಗ ನೋಡಿ ಪ್ರಾಕ್ಟೀಸ್

ಮೇಡಂ ಮನೆಯ ಗೋಡೆಯಲ್ಲಿ ಇವತ್ತಿಗೂ ತಿಥಿ ಇರುವ ಕ್ಯಾಲೆಂಡರೇ ನೇತಾಡುತ್ತಿದೆ. ಯಾಕೆ ಅಂದ್ರೆ ಸಮುದ್ರದ ಭರತ–ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ, ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಬೆಳಗಿನ ಜಾವ ನಮ್ಮ ತೀರದಲ್ಲಿ ನೀರು ತುಂಬಾ ಹಿಂದೆ ಸರಿದಿರುತ್ತೆ. ಒದ್ದೆಯಾಗಿ ಗಟ್ಟಿಯಾದ, ಅಗಲವಾದ ಮರಳು ಸಿಗುತ್ತೆ. ಅದು ವೇಗದ ಓಟದ ದಿನ. ಅಷ್ಟಮಿ ಹೊತ್ತಿಗೆ ಬೆಳಿಗ್ಗೆ ನೀರು ಮೇಲೆ ಬಂದು ಉಳಿಯೋದು ಒಣ ಮರಳು ಮಾತ್ರ. ಅದರಲ್ಲಿ ಹತ್ತು ನಿಮಿಷ ಓಡಿದ್ರೆ ಮೀನಖಂಡ ಬಿಗಿಯುತ್ತೆ. ಅದು ಕಾಲು ಬಲಪಡಿಸೋ ದಿನ.

ಇನ್ನೊಂದು ಸೂಕ್ಷ್ಮ. ಬೀಚು ಸಮತಟ್ಟಲ್ಲ, ನೀರಿನ ಕಡೆ ವಾಲಿರುತ್ತೆ. ಒಂದೇ ದಿಕ್ಕಿಗೆ ಓಡುತ್ತಾ ಇದ್ರೆ ಒಂದು ಕಾಲಿಗೇ ಭಾರ ಬಿದ್ದು ಮೊಣಕಾಲು, ಸೊಂಟ ನೋವು ಶುರು. ಅದಕ್ಕೆ ಮೇಡಂ ಹೋದಷ್ಟೇ ದೂರ ವಾಪಸ್ ಓಡಿಸುತ್ತಿದ್ದರು. ಕಾಳಿ ನದಿಯ ಆಚೆ ಸದಾಶಿವಗಡದ ಏರು ವಾರಕ್ಕೊಮ್ಮೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು ಬಿತ್ತಲ್ಲ, ಅದರ ಮೇಲೆ ಎಷ್ಟೋ ಬ್ಯಾಚಿನ ಹುಡುಗಿಯರು ಅವರ ಸ್ಟಾಪ್‌ವಾಚಿಗೆ ಓಡಿದ್ದಾರೆ. ಸುದ್ದಿ ಕೇಳಿದ ದಿನ ಹಳೇ ವಿದ್ಯಾರ್ಥಿನಿಯರ ವಾಟ್ಸಾಪ್ ಗ್ರೂಪಿನಲ್ಲಿ ಬೇರೆ ಮಾತೇ ಇರಲಿಲ್ವಂತೆ.

ಮರಳಲ್ಲಿ ಓಡಿಸೋ ಯೋಚನೆ ಎಲ್ಲಿಂದ ಬಂತು ಅಂತ ಕೇಳಿದೆ. "ಉಷಾ" ಅಂದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಪದಕವನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಳೆದುಕೊಂಡಾಗ ಮೇಡಂ ಕಾಲೇಜು ಹುಡುಗಿ. ಉಷಾ ಅವರನ್ನು ಕೋಚ್ ಓ.ಎಂ. ನಂಬಿಯಾರ್ ಪಯ್ಯೋಳಿ ಕಡಲತೀರದಲ್ಲಿ ಓಡಿಸುತ್ತಿದ್ದರು. ದ್ರೋಣಾಚಾರ್ಯ ಪ್ರಶಸ್ತಿ ಶುರುವಾದ 1985ರಲ್ಲಿ ಅದನ್ನು ಪಡೆದ ಮೊದಲಿಗರಲ್ಲಿ ನಂಬಿಯಾರ್ ಒಬ್ಬರು. ಅದೇ ಅರಬ್ಬಿ ಸಮುದ್ರ, ಅದೇ ಮರಳು ನಮ್ಮಲ್ಲೂ ಇದೆಯಲ್ಲ ಅಂತ ಆಗ ಅನ್ನಿಸಿತ್ತಂತೆ.

ಗೆಲ್ಲಿಸೋದು ಯಾರು?

ಕ್ರಾಸ್ ಕಂಟ್ರಿಯ ಲೆಕ್ಕ ಗೊತ್ತಿಲ್ಲದಿದ್ರೆ ಈ ಕೆಲಸ ಅರ್ಥ ಆಗಲ್ಲ. ವಿಶ್ವ ಚಾಂಪಿಯನ್‌ಷಿಪ್‌ನ ನಿಯಮ ನೋಡಿ: ಒಂದು ತಂಡದಿಂದ ಆರು ಜನ ಓಡಬಹುದು, ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡಿಸ್ತಾರೆ. ಮೊತ್ತ ಕಡಿಮೆ ಇದ್ದವರು ಗೆದ್ದ ಹಾಗೆ. ಅಮೆರಿಕದ ಕಾಲೇಜುಗಳಲ್ಲಿ ಏಳು ಜನ ಓಡಿ ಐವರ ಲೆಕ್ಕ.

ಒಂದು ಉದಾಹರಣೆ. ಒಂದು ಟೀಮಿನ ಹುಡುಗಿಯರು 1, 2, 20, 31ನೇ ಸ್ಥಾನ ಪಡೆದ್ರು ಅಂದ್ಕೊಳ್ಳಿ. ಮೊತ್ತ 54. ಇನ್ನೊಂದು ಟೀಮಿನವರು 9, 11, 12, 14. ಮೊತ್ತ 46. ಚಿನ್ನ, ಬೆಳ್ಳಿ ಎರಡೂ ಮೊದಲ ಟೀಮಿಗೆ, ಟ್ರೋಫಿ ಮಾತ್ರ ಎರಡನೇ ಟೀಮಿಗೆ! ಮರುದಿನ ಪೇಪರಿನಲ್ಲಿ ಫೋಟೊ ಬರೋದು ಮೊದಲು ಬಂದವಳದ್ದು, ಟೀಮಿನ ಹಣೆಬರಹ ಬರೆಯೋದು ನಾಲ್ಕನೆಯವಳು.

"ಮೊದ್ಲನೇ ಹುಡುಗಿ ಯಾರಿದ್ರೂ ಓಡ್ತಾಳೆ ತಮಾ, ಅದು ಅವಳ ಗುಣ. ನಾಲ್ಕನೆಯವಳು ಓಡೋ ಹಾಂಗೆ ಮಾಡೂದೇ ನಮ್ ಕೆಲ್ಸ" ಅಂತಾರೆ ಮೇಡಂ. ಆ ನಾಲ್ಕನೆಯವಳು ಸಾಮಾನ್ಯವಾಗಿ ಅಥ್ಲೀಟ್ ಅಲ್ಲ. ಬೆಳಿಗ್ಗೆ ಮನೆಕೆಲಸ ಮುಗಿಸಿ ಬರೋಳು, ಹಿಮೋಗ್ಲೋಬಿನ್ ಕಡಿಮೆ ಇರೋಳು, ಮುಟ್ಟಿನ ದಿನ ಯಾರಿಗೂ ಹೇಳದೆ ಸುಮ್ಮನೆ ರಜೆ ಹಾಕೋಳು. ಮೇಡಂ ಅವರ ನೋಟ್‌ಬುಕ್ಕಿನಲ್ಲಿ ಟೈಮಿಂಗ್ ಪಕ್ಕದಲ್ಲೇ ಬಸ್ಸಿನ ಸಮಯ, ರಕ್ತಪರೀಕ್ಷೆ, 'ಬೆಳಿಗ್ಗೆ ಏನು ತಿಂದಳು' ಅಂತ ಒಂದೊಂದು ಕಾಲಂ. ನನ್ನ ಆಫೀಸಿನ ಯಾವ ಡ್ಯಾಶ್‌ಬೋರ್ಡೂ ಇಷ್ಟು ಕೆಲಸಕ್ಕೆ ಬಂದಿಲ್ಲ.

ಚಿಕ್ಕಮ್ಮನ ಮಗಳು ಇಂಥ ನಾಲ್ಕನೆಯವಳೇ. ಡಿಗ್ರಿ ಎರಡನೇ ವರ್ಷದಲ್ಲಿ ಮನೆಯಲ್ಲಿ ಓಟ ಸಾಕು ಅಂದರು. ಮೇಡಂ ಬಸ್ಸಲ್ಲಿ ಬಂದು ಜಗಲಿಯಲ್ಲಿ ಕೂತರು. ಓಟದ ಸುದ್ದಿ ಎತ್ತಲೇ ಇಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ ಹತ್ತಿಸ್ತೀರಿ, ಯಾರ ಜೊತೆ ಕಳಿಸ್ತೀರಿ, ವಾಪಸ್ ಬರೋದು ಎಷ್ಟಕ್ಕೆ ಅಂತ ಕೇಳಿ, ಅದಕ್ಕೆಲ್ಲ ತಾವೇ ಒಂದು ವ್ಯವಸ್ಥೆ ಹೇಳಿದರು. ಚಿಕ್ಕಪ್ಪ ಕೊನೆಗೆ "ಅಕ್ಕೋರೆ, ನಿಮ್ಮ ಜವಾಬ್ದಾರಿ" ಅಂದರು. ನಮ್ಮ ಕಡೆ ಶಾಲೆಯಿರಲಿ, ಕಾಲೇಜಿರಲಿ, ಕಲಿಸೋ ಹೆಂಗಸು ಅಕ್ಕೋರೇ. ಆ ಒಂದು ಮಾತಿನ ಭಾರ ಹೊತ್ತೇ ಅವರು ನೌಕರಿ ಮುಗಿಸಿದ್ದು.

ಒಂದು ಹುದ್ದೆ, ಹತ್ತು ಕೆಲಸ

ನಮ್ಮ ಕಾಲೇಜುಗಳಲ್ಲಿ 'ಮಹಿಳಾ ಕ್ರಾಸ್ ಕಂಟ್ರಿ ಕೋಚ್' ಅಂತ ಪ್ರತ್ಯೇಕ ಹುದ್ದೆ ಇಲ್ಲ. ಪಿ.ಡಿ. ಒಬ್ಬರೇ ಕಬಡ್ಡಿ, ಖೋ ಖೋ, ವಾಲಿಬಾಲ್, ಥ್ರೋಬಾಲ್ ಎಲ್ಲಾ ನೋಡ್ಕೋಬೇಕು. ಆಗಸ್ಟ್ 15ರ ಪರೇಡು, ಕಾಲೇಜಿನ ಶಿಸ್ತು ಕೂಡ ಅವರ ತಲೆಗೇ. ಈ ಹುದ್ದೆಗೆ ಬರೋದೂ ಸಲೀಸಲ್ಲ. ಯುಜಿಸಿಯ 2018ರ ನಿಯಮದಂತೆ ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ಎನ್‌ಇಟಿಯಂಥ ಅರ್ಹತೆ ಅಥವಾ ಪಿಎಚ್.ಡಿ. ಅದರ ಮೇಲೆ ಓಡಿಯೂ ತೋರಿಸಬೇಕು: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1,800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1,000 ಮೀಟರ್. ಇಷ್ಟೆಲ್ಲ ಇದ್ದೂ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿದವರಿದ್ದಾರೆ. ಮೇಡಂ ಕೂಡ ಕೆಲವು ವರ್ಷ ಹಾಗೇ ಇದ್ದವರು. ರಜೆಯ ತಿಂಗಳುಗಳಲ್ಲಿ ಸಂಬಳ ಇಲ್ಲ, ಪ್ರಾಕ್ಟೀಸ್ ಮಾತ್ರ ಇತ್ತು.

ಹೊರಗಡೆ ಇದು ಪೂರ್ಣಪ್ರಮಾಣದ ವೃತ್ತಿ. ಅಮೆರಿಕದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಮಹಿಳಾ ಕ್ರಾಸ್ ಕಂಟ್ರಿ ಕೋಚ್ ದಿಲ್ಜೀತ್ ಟೇಲರ್, ಭಾರತದಿಂದ ವಲಸೆ ಹೋದ ದಂಪತಿಯ ಮಗಳು. ಅವರ ತಂಡ 2021ರ ಮಾರ್ಚ್‌ನಲ್ಲಿ, ಮತ್ತೆ 2024ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯ್ತು. ಮೊಬೈಲಲ್ಲಿ ಅವರ ಫೋಟೊ ತೋರಿಸಿದೆ. ಮೇಡಂ ಚಾಳೀಸು ಏರಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇವ್ರಿಗೆ ಇಲೆಕ್ಷನ್ ಡ್ಯೂಟಿ ಇರ್ತದ್ಯಾ?"

ಅಂಕೋಲಾ ಕಡೆಗೆ

ಕಾರವಾರದಿಂದ ಅಂಕೋಲಾಕ್ಕೆ ಹೆದ್ದಾರಿ 66ರಲ್ಲಿ ಸುಮಾರು 35 ಕಿ.ಮೀ. ಬಿಣಗಾ, ಅರಗಾ, ಅಮದಳ್ಳಿ ದಾರಿಯಲ್ಲಿ ಸಮುದ್ರ ಪಕ್ಕದಲ್ಲೇ ಇದ್ರೂ ಬಹಳ ಕಡೆ ಇಳಿಯೋ ಹಾಗಿಲ್ಲ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆ ಯೋಜನೆಗೆ ಊರುಗಳೇ ಎದ್ದು ಹೋದವು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ದೇಶಕ್ಕೆ ಬೇಕಾದದ್ದು, ಸರಿ. ಆದ್ರೆ ನಿರಾಶ್ರಿತರ ಕಾಲೊನಿಗಳಿಂದ ಬಂದ ಎಷ್ಟೋ ಹುಡುಗಿಯರು ತಮ್ಮ ಅಜ್ಜಿಯ ತೀರದಲ್ಲಿ ಓಡೋಕಾಗದೆ ಬಸ್ ಹತ್ತಿ ಬೇರೆ ತೀರಕ್ಕೆ ಬರುತ್ತಿದ್ದರು ಅನ್ನೋದೂ ನಿಜ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟಿನ ಚಿಂತೆ ಹೋಗಿದೆ. ಬೆಳಗಿನ ಮೊದಲ ಬಸ್ಸಿನ ಚಿಂತೆ ಹಾಗೇ ಇದೆ.

ಅಂಕೋಲಾ ಅಂದ್ರೆ ಉಪ್ಪಿನ ಸತ್ಯಾಗ್ರಹದ ಊರು, ಕರಿ ಈಶಾಡ ಮಾವಿನ ಊರು. ಚುಟುಕು ಕವಿ ದಿನಕರ ದೇಸಾಯಿ 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಇಲ್ಲಿ 1966ರಲ್ಲಿ ಗೋಖಲೆ ಸೆಂಟಿನರಿ ಕಾಲೇಜು ತೆರೆಯಿತು. ಅದಕ್ಕೂ ಮೊದಲು ಈ ಸುತ್ತಿನ ಹುಡುಗಿಯರಿಗೆ ಡಿಗ್ರಿ ಅಂದ್ರೆ ಊರು ಬಿಡೋ ಮಾತು. ಹತ್ತಿರ ಕಾಲೇಜೇ ಇಲ್ಲದ ಮೇಲೆ ಕಾಲೇಜು ಟೀಮ್ ಎಲ್ಲಿಂದ ಬರಬೇಕು?

ಜೈಹಿಂದ್ ಮೈದಾನದಲ್ಲಿ ವಾರ್ಮಪ್ಪು, ಕೇಣಿ ಕಡಲತೀರದಲ್ಲಿ ಓಟ, ಗದ್ದೆ ಬದುವಿನ ಮೇಲೆ ಬ್ಯಾಲೆನ್ಸ್. ಹಾಲಕ್ಕಿ ಕೊಪ್ಪಗಳಿಂದ ಬಂದ ಹುಡುಗಿಯರಿಗೆ ಶೂ ಹಾಕಿಸೋದೇ ಒಂದು ಸಾಹಸ ಆಗಿತ್ತಂತೆ. ಈ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ಪದ್ಮಶ್ರೀ ಪಡೆದದ್ದನ್ನು ದೇಶ ಬೆರಗಿಂದ ನೋಡಿತು. ಮೇಡಂಗೆ ಬೆರಗಾಗಲಿಲ್ಲ. ಅಂಥ ಪಾದಗಳನ್ನು ಅವರು ಮರಳಿನ ಮೇಲೆ ದಿನಾ ನೋಡಿದವರು.

ಓಡಬಾರದು ಅಂದವರ ಕಾಲ

ಹೆಂಗಸರಿಗೆ ದೂರದ ಓಟ ಆಗಲ್ಲ ಅನ್ನೋ ಮಾತು ನಮ್ಮೂರಿನದ್ದಷ್ಟೇ ಅಲ್ಲ. 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಇಟ್ಟು, ಸುಸ್ತಾಗ್ತಾರೆ ಅಂತ ತೆಗೆದರು. ಮತ್ತೆ ಬಂದಿದ್ದು 1960ಕ್ಕೆ. ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ವಿಶ್ವ ಕ್ರಾಸ್ ಕಂಟ್ರಿಯಲ್ಲಿ ಹೆಂಗಸರೂ ಗಂಡಸರೂ ಸಮಸಮವಾಗಿ 10 ಕಿ.ಮೀ. ಓಡಿದ್ದು 2017ರಲ್ಲಿ, ಕಂಪಾಲಾದಲ್ಲಿ. ಅಂದ್ರೆ ಮೇಡಂ ನೌಕರಿಯ ಬಹುಪಾಲು ಕಾಲ ಇಡೀ ಜಗತ್ತೇ 'ಹುಡುಗಿಯರಿಗೆ ಇಷ್ಟು ಸಾಕು' ಅಂತಿತ್ತು. ಜಗಲಿಯಲ್ಲಿ ಕೂತ ಚಿಕ್ಕಪ್ಪನನ್ನೊಬ್ಬನನ್ನೇ ಏನು ಅನ್ನೋದು?

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಪಾಠ ಇದೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ದೊಡ್ಡ ನಿರೀಕ್ಷೆ ಇತ್ತು. 90ರ ದಶಕದ ಆರಂಭದಲ್ಲಿ ಅದು ನಿಂತಿತು, ಬಹಳಷ್ಟು ಮಕ್ಕಳ ಓಟವೂ ನಿಂತಿತು. ಮೇಲಿಂದ ಬಂದ ಯೋಜನೆ ಮೇಲೆ ಹೋಗಬಹುದು. ದಿನಾ ಬೆಳಿಗ್ಗೆ ಬಂದು ನಿಲ್ಲೋರು ಒಬ್ಬರು ಊರಲ್ಲೇ ಇರಬೇಕು.

ಕೊನೆಗೆ ಉಳಿದಿದ್ದು

ಮೇಡಂ ಕೈಕೆಳಗೆ ಓಡಿದವರಲ್ಲಿ ಒಲಿಂಪಿಕ್ಸ್‌ಗೆ ಹೋದವರು ಯಾರೂ ಇಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಹೋದವರು ಬೆರಳೆಣಿಕೆ. ಹಾಗಾದ್ರೆ ಇಷ್ಟು ವರ್ಷದ ಬೆಳಗಿನ ಜಾವಗಳ ಲೆಕ್ಕ ಏನು?

ಅದು ಪದಕದ ಪಟ್ಟಿಯಲ್ಲಿಲ್ಲ. ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮಹಿಳೆಯರಿಗೆ 2 ನಿಮಿಷದಲ್ಲಿ 400 ಮೀಟರ್ ಓಟ ಇರುತ್ತೆ. ಊರಲ್ಲಿ ಎಷ್ಟೋ ಹುಡುಗಿಯರು ಸೋಲೋದು ಅಲ್ಲೇ. ಮೇಡಂ ಹುಡುಗಿಯರಿಗೆ ಅದು ವಾರ್ಮಪ್ಪು. ಹಾಗೆ ಖಾಕಿ ತೊಟ್ಟವರಿದ್ದಾರೆ, ಶಾಲೆಗಳಲ್ಲಿ ದೈಹಿಕ ಶಿಕ್ಷಕಿಯರಾದವರಿದ್ದಾರೆ. ಮದುವೆ ಎರಡು ವರ್ಷ ಮುಂದೆ ಹಾಕಿ ಡಿಗ್ರಿ ಮುಗಿಸಿದವರು ಇನ್ನೂ ಜಾಸ್ತಿ. ಚಿಕ್ಕಮ್ಮನ ಮಗಳು ಈಗ ಬಿ.ಪಿ.ಇಡಿ. ಮುಗಿಸಿ ಒಂದು ಹೈಸ್ಕೂಲಿನಲ್ಲಿದ್ದಾಳೆ. ಮಕ್ಕಳು ಅವಳನ್ನೂ ಅಕ್ಕೋರು ಅಂತಲೇ ಕರೀತಾರೆ.

ನೀವು ಕಾರವಾರಕ್ಕೆ ಹೋದ್ರೆ ಒಂದು ಬೆಳಿಗ್ಗೆ ಅಲಾರಂ ಇಟ್ಟುಕೊಳ್ಳಿ. ಶೂ ಇದ್ರೆ ನೀವೂ ಓಡಿ, ಇಲ್ಲದಿದ್ರೆ ಬರಿಗಾಲೇ ಸಾಕು. ಹುಡುಗಿಯರ ಟೀಮ್ ಎದುರಾದ್ರೆ ಗಟ್ಟಿ ಮರಳಿನ ದಾರಿ ಅವರಿಗೆ ಬಿಟ್ಟುಕೊಡಿ, ಕೇಳದೆ ವಿಡಿಯೊ ಮಾಡಬೇಡಿ. ಚಪ್ಪಾಳೆ ತಟ್ಟಬೇಕು ಅನ್ನಿಸಿದ್ರೆ ಮುಂದೆ ಹೋದವಳಿಗೆ ತಟ್ಟಿ ಹೊರಟುಬಿಡಬೇಡಿ. ನಾಲ್ಕನೆಯವಳು ಬರೋವರೆಗೂ ಸ್ವಲ್ಪ ನಿಲ್ಲಿ.