ಚಿತ್ರ ಬರೆದರೆ ಪ್ರೋಗ್ರಾಂ ಬಂದೀತೆ?

ಸಾಫ್ಟ್‌ವೇರ್ ಕೆಲಸದವರಲ್ಲಿ ಒಂದು ಹಳೆಯ ಆಸೆ ಇದೆ. ಏನು ಬೇಕು ಎಂಬುದನ್ನು ನಾವು ನಕ್ಷೆಯಲ್ಲಿ ಬರೆದುಕೊಟ್ಟರೆ ಸಾಕು, ಹೇಗೆ ಮಾಡಬೇಕು ಎಂಬುದನ್ನು ಯಂತ್ರವೇ ನೋಡಿಕೊಳ್ಳಬೇಕು. ಇದು ಸೋಮಾರಿಗಳ ಕನಸೇನಲ್ಲ. ಒಂದು ಸಲ ಈ ಆಸೆ ಈಡೇರಿಯೂ ಇದೆ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್‌ಟ್ರಾನ್ ಭಾಷೆಯನ್ನೂ ಅದನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಕಂಪೈಲರನ್ನೂ ಕೊಟ್ಟ ಕಾಲದಲ್ಲಿ, ಯಂತ್ರ ತಯಾರಿಸಿದ ಸೂಚನೆಗಳು ಮನುಷ್ಯ ಬರೆದಷ್ಟು ಚುರುಕಾಗಿರಲಾರವು ಎಂದು ಬಹಳ ಜನ ಅನುಮಾನಪಟ್ಟಿದ್ದರು. ಈಗ ಕಂಪೈಲರ್ ಕೊಟ್ಟ ಮಷೀನ್ ಕೋಡನ್ನು ತೆರೆದು ನೋಡುವವರೇ ಅಪರೂಪ. ಅನುಮಾನ ಎಂದೋ ಕರಗಿತು.

ಒಂದು ಮೆಟ್ಟಿಲು ಹತ್ತಿದ ಮೇಲೆ ಇನ್ನೊಂದು ಹತ್ತಬೇಕೆನಿಸುವುದು ಸಹಜ. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಯುಎಂಎಲ್ ಎಂಬ ಚಿತ್ರಭಾಷೆಯನ್ನು ಒಪ್ಪಿಕೊಂಡಿತು. 2001ರಲ್ಲಿ ಅದೇ ಸಂಸ್ಥೆ ಇನ್ನೂ ಮುಂದೆ ಹೋಗಿ, ಮೊದಲು ಮಾಡೆಲ್ ಬರೆಯಿರಿ, ಕೋಡ್ ಅದರಿಂದಲೇ ಹೊರಡಲಿ ಎಂಬ ವಿಧಾನವನ್ನು ಮುಂದಿಟ್ಟಿತು. ಅದಾಗಿ ಎರಡು ದಶಕ ಕಳೆದಿದೆ. 2013ರಲ್ಲಿ ಮರಿಯನ್ ಪೆಟ್ರಿ ಎಂಬ ಸಂಶೋಧಕಿ 50 ಮಂದಿ ವೃತ್ತಿನಿರತರನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ 35 ಮಂದಿ ತಾವು ಯುಎಂಎಲ್ ಬಳಸುವುದೇ ಇಲ್ಲ ಎಂದಿದ್ದರು. ಮೊದಲ ಮೆಟ್ಟಿಲು ಗಟ್ಟಿಯಾಗಿ ನಿಂತಿತು, ಎರಡನೆಯದು ಯಾಕೆ ಅಲುಗಾಡುತ್ತಿದೆ?

ಚಿತ್ರದಿಂದ ಪ್ರಯೋಜನವಿಲ್ಲ ಅನ್ನುವಂತಿಲ್ಲ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ 1980ರ ದಶಕದ ಮೊದಲಲ್ಲಿ ಇಸ್ರೇಲಿನ ವಿಮಾನ ಕಾರ್ಖಾನೆಯೊಂದಕ್ಕೆ ಸಲಹೆಗಾರರಾಗಿ ಹೋಗುತ್ತಿದ್ದರು. ಅಲ್ಲಿ ಲಾವಿ ಎಂಬ ಯುದ್ಧವಿಮಾನದ ಕೆಲಸ ನಡೆದಿತ್ತು. ಎಂಜಿನಿಯರುಗಳಿಗೆ ವಿಮಾನ ಕರತಲಾಮಲಕ, ದಪ್ಪ ದಪ್ಪ ದಾಖಲೆಗಳೂ ಇದ್ದವು. ಆದರೆ ಇಂಥ ಸ್ಥಿತಿಯಲ್ಲಿ ಇಂಥ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಕೇಳಿದರೆ ಖಚಿತ ಉತ್ತರ ಸಿಗುವುದು ಕಷ್ಟವಾಗುತ್ತಿತ್ತು. ಆ ಕಷ್ಟದಿಂದ ಹುಟ್ಟಿದ್ದೇ ಸ್ಟೇಟ್‌ಚಾರ್ಟ್: ಪೆಟ್ಟಿಗೆಯೊಳಗೆ ಪೆಟ್ಟಿಗೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಾಣ. ಅದರ ಪ್ರಬಂಧ ಅಚ್ಚಾದದ್ದು 1987ರಲ್ಲಿ. ಮುಂದೆ ಯುಎಂಎಲ್ ಕೂಡ ಅದನ್ನು ತನ್ನದಾಗಿಸಿಕೊಂಡಿತು.

ತೊಡಕು ಶುರುವಾಗುವುದೂ ಅಲ್ಲಿಂದಲೇ. ಒಂದು ಲಿಫ್ಟಿನ ಚಿತ್ರ ತೆಗೆದುಕೊಳ್ಳಿ. ಹೊರಗೆ ‘ಸೇವೆಯಲ್ಲಿದೆ’ ಎಂಬ ದೊಡ್ಡ ಪೆಟ್ಟಿಗೆ, ಅದರೊಳಗೆ ‘ನಿಂತಿದೆ’, ‘ಬಾಗಿಲು ತೆರೆದಿದೆ’, ‘ಚಲಿಸುತ್ತಿದೆ’ ಎಂಬ ಮೂರು ಸಣ್ಣವು. ತುರ್ತು ಗುಂಡಿಗೆ ಹೊರಗಿನ ಪೆಟ್ಟಿಗೆಯಿಂದ ಒಂದು ಬಾಣ ಹೊರಡುತ್ತದೆ, ‘ಚಲಿಸುತ್ತಿದೆ’ ಎಂಬುದರಿಂದ ಇನ್ನೊಂದು. ಲಿಫ್ಟ್ ಚಲಿಸುತ್ತಿರುವಾಗ ಯಾರೋ ಗುಂಡಿ ಒತ್ತಿದರು. ಯಾವ ಬಾಣ ಹಿಡಿಯಬೇಕು? ಹರೆಲ್ ಅವರ ಸ್ಟೇಟ್‌ಮೇಟ್ ಟೂಲಿನಲ್ಲಿ ಹೊರಗಿನದಕ್ಕೆ ಆದ್ಯತೆ, ಯುಎಂಎಲ್‌ನಲ್ಲಿ ಒಳಗಿನದಕ್ಕೆ. ಚಿತ್ರ ಅದೇ, ನಡವಳಿಕೆ ಬೇರೆ. ಲಿಫ್ಟಿನೊಳಗೆ ನಿಂತವರಿಗೆ ಇದು ಪಂಡಿತರ ಚರ್ಚೆಯಲ್ಲ.

ಅದೇ ಚಿತ್ರದ ಮೇಲೆ ಇಬ್ಬರು ಕೆಲಸ ಮಾಡಿದರೆ ಇನ್ನೊಂದು ಪಾಡು. ಒಬ್ಬಳು ‘ನಿಂತಿದೆ’ ಪೆಟ್ಟಿಗೆ ಬೇಡವೆಂದು ಅಳಿಸಿದಳು. ಅದೇ ಹೊತ್ತಿಗೆ ಇನ್ನೊಬ್ಬ ಅದೇ ಪೆಟ್ಟಿಗೆಗೆ ಹೊಸ ಬಾಣ ಎಳೆದ. ಸಾಲು ಸಾಲಾಗಿ ಹೋಲಿಸುವ ಸಾಮಾನ್ಯ ಮರ್ಜ್ ಟೂಲಿಗೆ ಬದಲಾದ ಸಾಲುಗಳು ಬೇರೆ ಬೇರೆ ಕಡೆ ಕಂಡರೆ ಎಲ್ಲ ಸರಿ ಎಂದೇ ತೋರುತ್ತದೆ. ಬಾಣಕ್ಕೆ ಮಾತ್ರ ಹೋಗಲು ಊರೇ ಇಲ್ಲ! ಇನ್ನೊಮ್ಮೆ ಯಾರೋ ನೋಟಕ್ಕೆ ಚೆಂದ ಕಾಣಲಿ ಎಂದು ಪೆಟ್ಟಿಗೆಯನ್ನು ಸ್ವಲ್ಪ ಬಲಕ್ಕೆ ಸರಿಸಿದರೂ ಸಾಕು, ಅರ್ಥ ಒಂದಿಷ್ಟೂ ಬದಲಾಗದಿದ್ದರೂ ಟೂಲು ಬದಲಾವಣೆಗಳ ಪಟ್ಟಿಯನ್ನೇ ಹರಡುತ್ತದೆ. 2007ರಲ್ಲಿ ರಾಬರ್ಟ್ ಫ್ರಾನ್ಸ್ ಮತ್ತು ಬೆರ್ನ್‌ಹಾರ್ಡ್ ರುಂಪೆ ಈ ಕ್ಷೇತ್ರದ ಸಂಶೋಧನೆಗೆ ದಾರಿ ತೋರುವ ಪ್ರಬಂಧ ಬರೆದಾಗ ಸವಾಲುಗಳನ್ನು ಮೂರು ಗುಂಪು ಮಾಡಿದರು: ಮಾಡೆಲಿಂಗ್ ಭಾಷೆಗಳು, ಒಂದೇ ವ್ಯವಸ್ಥೆಯ ಬೇರೆ ಬೇರೆ ಮುಖಗಳನ್ನು ಬಿಡಿಸಿ ನೋಡುವುದು, ಮಾಡೆಲ್‌ಗಳನ್ನು ತಿದ್ದಿ ನಿಭಾಯಿಸುವುದು. ಈ ಕೊನೆಯದೇ ಎಲ್ಲಕ್ಕಿಂತ ಕಠಿಣ ಎಂದು ನನ್ನ ಎಣಿಕೆ.

ಯಾಕೆಂದರೆ ಕಂಪೈಲರ್ ಗೆದ್ದದ್ದು ಅದು ಕೊಟ್ಟ ಫಲವನ್ನು ಯಾರೂ ಕೆಳಗಿಳಿದು ತಿದ್ದಲಿಲ್ಲ ಎಂಬ ಕಾರಣಕ್ಕೆ. ಮಾಡೆಲ್ ವಿಷಯದಲ್ಲಿ ನಾವು ಆ ವ್ರತ ಮುರಿಯುತ್ತೇವೆ. ಶುಕ್ರವಾರ ರಾತ್ರಿ ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟಿತು, ಗ್ರಾಹಕರ ಫೋನು ಬಂತು. ಚಿತ್ರ ತೆರೆದು, ಬಾಣ ಸರಿಪಡಿಸಿ, ಕೋಡನ್ನು ಮತ್ತೆ ಹುಟ್ಟಿಸುವ ತಾಳ್ಮೆ ಆಗ ಯಾರಿಗಿದೆ? ಕೋಡಿನಲ್ಲೇ ಎರಡು ಸಾಲು ತಿದ್ದುತ್ತಾರೆ. ಅಲ್ಲಿಗೆ ಚಿತ್ರ ಸುಳ್ಳಾಯಿತು. ಮುಂದೆ ಅದರಿಂದ ಕೋಡ್ ಹುಟ್ಟಿಸಿದರೆ ಅಳಿಸಿದ ಬಗ್ ಮರಳಿ ಬರುತ್ತದೆ. ಹಾಗೆಂದು ಹುಟ್ಟಿಸದೆ ಬಿಟ್ಟರೆ ಚಿತ್ರ ಗೋಡೆಯ ಅಲಂಕಾರ. ಎರಡೂ ಕಡೆಯ ತಿದ್ದುಪಡಿಯನ್ನು ಒಂದಕ್ಕೊಂದು ಹೊಂದಿಸುವ ಬಗೆ ಹುಡುಕುತ್ತ ಸಂಶೋಧಕರು ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ. ಎಲ್ಲ ಕಡೆಗೂ ಸಲ್ಲುವ ಉಪಾಯ ಇನ್ನೂ ಕೈಗೆ ಬಂದಿಲ್ಲ.

ವ್ರತ ಪಾಲಿಸಿದವರ ಉದಾಹರಣೆಯೂ ಇದೆ. ಪ್ಯಾರಿಸ್ ಮೆಟ್ರೋದ 14ನೇ ಮಾರ್ಗ 1998ರ ಅಕ್ಟೋಬರಿನಲ್ಲಿ ತೆರೆಯಿತು. ಚಾಲಕರಿಲ್ಲದ ರೈಲು. ಅದರ ಸುರಕ್ಷತೆಯ ಸಾಫ್ಟ್‌ವೇರನ್ನು ಝಾನ್-ರೇಮೊನ್ ಅಬ್ರಿಯಾಲ್ ರೂಪಿಸಿದ ಬಿ ವಿಧಾನದಲ್ಲಿ ಬರೆದರು. ಅದು ಚಿತ್ರವಲ್ಲ, ಗಣಿತದ ಬರಹ. ಆದರೂ ಮಾಡೆಲ್ ಮಾಡೆಲ್ಲೇ. ಹಂತ ಹಂತವಾಗಿ ಕೆಳಗಿಳಿಸಿ, ಪ್ರತಿ ಹಂತವೂ ಮೇಲಿನದಕ್ಕೆ ನಿಷ್ಠವಾಗಿದೆ ಎಂದು ರುಜುವಾತು ಕೊಟ್ಟು, ಕೊನೆಗೆ ಅದರಿಂದ ಸುಮಾರು 86,000 ಸಾಲು ಅಡಾ ಕೋಡ್ ಹೊರಡಿಸಿದರು. ತಪ್ಪು ಕಂಡರೆ ಮೇಲೆ ತಿದ್ದಬೇಕು, ಕೆಳಗೆ ಕೈ ಹಾಕುವಂತಿಲ್ಲ. ನಮ್ಮ ಬೆಂಗಳೂರಿನಲ್ಲಿ ಕಾರಿನ ಬ್ರೇಕು, ಎಂಜಿನ್ನುಗಳ ನಿಯಂತ್ರಣಕ್ಕೆ ಸಿಮ್ಯುಲಿಂಕ್‌ನಲ್ಲಿ ಬ್ಲಾಕ್ ಜೋಡಿಸಿ ಕೋಡ್ ತೆಗೆಯುವ ಎಂಜಿನಿಯರುಗಳಿಗೂ ಇದೇ ಶಿಸ್ತು ಬೇಕು.

ಈಗ ಎಐಗೆ ಮಾತಿನಲ್ಲಿ ಹೇಳಿ ಕೋಡ್ ಬರೆಸುವ ಕಾಲ ಬಂದಿದೆ. ಹಳೆಯ ಪ್ರಶ್ನೆ ಹೊಸ ಅಂಗಿ ತೊಟ್ಟು ಬಂದಿದೆ ಅಷ್ಟೆ. ನಾಳೆ ತಿದ್ದಬೇಕಾದಾಗ ಯಾವುದನ್ನು ತಿದ್ದುತ್ತೀರಿ, ಹೇಳಿದ ಮಾತನ್ನೋ, ಬಂದ ಕೋಡನ್ನೋ? ಎರಡನ್ನೂ ಬಿಡಿಬಿಡಿಯಾಗಿ ತಿದ್ದಿದರೆ ಮುಂದೆ ಆ ಕೆಲಸ ವಹಿಸಿಕೊಳ್ಳುವ ಹುಡುಗ ಹುಡುಗಿಯರು ಯಾವುದನ್ನು ನಂಬಬೇಕು?

ಈ ವೃತ್ತಿಯಲ್ಲಿರುವವರಲ್ಲಿ ನನ್ನ ಕೋರಿಕೆ ಒಂದೇ. ಪ್ರಾಜೆಕ್ಟ್ ಶುರುವಾಗುವಾಗಲೇ ಮಾಡೆಲ್ ಮೂಲವೋ ಕೋಡ್ ಮೂಲವೋ ಎಂದು ತೀರ್ಮಾನಿಸಿ ಎಲ್ಲರಿಗೂ ಕಾಣುವಂತೆ ಬರೆದಿಡಿ. ಮಾಡೆಲ್ ಮೂಲವಾದರೆ ಶುಕ್ರವಾರ ರಾತ್ರಿಯೂ ಅದನ್ನೇ ತಿದ್ದಿ. ಅಷ್ಟು ಆಗದಿದ್ದರೆ ಆ ಹಳೆಯ ಚಿತ್ರವನ್ನು ಅಳಿಸಿಬಿಡಿ. ಸುಳ್ಳು ಹೇಳುವ ನಕ್ಷೆಗಿಂತ ನಕ್ಷೆ ಇಲ್ಲದಿರುವುದೇ ವಾಸಿ.