ಕಾಣದ ಕಥೆಗೆ ಕೊಟ್ಟ ಅಂಕ

ಒಂದು ಕೃತಿಯನ್ನು ಕಣ್ಣಾರೆ ಕಾಣದೆ ಅದರ ಗುಣದೋಷಗಳನ್ನು ನಿರ್ಣಯಿಸಲು ಸಾಧ್ಯವೇ? ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಇದು ವಿಚಿತ್ರವಾದ ಪ್ರಶ್ನೆ. ಆದರೆ ಬ್ರಿಟನ್ನಿನ ಹಳೆಯ ವೈಜ್ಞಾನಿಕ ಧಾರಾವಾಹಿಯೊಂದರ ಅಭಿಮಾನಿಗಳು ಹಲವು ವರ್ಷಗಳ ಕಾಲ ಈ ಕೆಲಸವನ್ನೇ ಬಲು ಶ್ರದ್ಧೆಯಿಂದ ಮಾಡಿದರು. ಅವರ ಅಭಿಪ್ರಾಯಗಳ ಏರಿಳಿತವು ಆ ಧಾರಾವಾಹಿಯಷ್ಟೇ ಸ್ವಾರಸ್ಯಕರವಾಗಿದೆ.

ವಿದೇಶಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೆ 'ಡಾಕ್ಟರ್ ಹೂ' ಪರಿಚಿತವಿರಬಹುದು. ಊರಿನಲ್ಲಿರುವ ಬಂಧುಗಳಿಗಾಗಿ ನಾಲ್ಕು ಮಾತು. 1963ರ ನವೆಂಬರ್ 23ರಂದು ಬಿಬಿಸಿ ಈ ಧಾರಾವಾಹಿಯನ್ನು ಆರಂಭಿಸಿತು. ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸುವ 'ಡಾಕ್ಟರ್' ಎಂಬಾತನೇ ಇದರ ನಾಯಕ. ಆತನ ವಾಹನ ಹೊರಗಿನಿಂದ ನೋಡಿದರೆ ಪೊಲೀಸರ ಒಂದು ಪುಟ್ಟ ಪೆಟ್ಟಿಗೆ. ಒಳಹೊಕ್ಕರೆ ವಿಶಾಲವಾದ ಮನೆ.

ನಾನು ಹೇಳಹೊರಟಿರುವುದು 1967ರ ಸೆಪ್ಟೆಂಬರಿನಲ್ಲಿ ನಾಲ್ಕು ಶನಿವಾರ ಪ್ರಸಾರವಾದ 'ದ ಟೂಮ್ ಆಫ್ ದ ಸೈಬರ್‌ಮೆನ್' ಎಂಬ ಕಥೆಯ ವಿಚಾರ. ಟೆಲೋಸ್ ಎಂಬ ಗ್ರಹದಲ್ಲಿ ಪುರಾತತ್ವ ಶೋಧಕರ ತಂಡವೊಂದು ಸೈಬರ್‌ಮೆನ್‌ಗಳ ಸಮಾಧಿಯನ್ನು ಅಗೆದು ತೆರೆಯುತ್ತದೆ. ಸೈಬರ್‌ಮೆನ್ ಎಂದರೆ ದೇಹದ ಅಂಗಗಳನ್ನು ಒಂದೊಂದಾಗಿ ಯಂತ್ರಕ್ಕೆ ಬದಲಿಸಿಕೊಂಡು, ಕೊನೆಗೆ ಕರುಣೆಯನ್ನೂ ಕಳೆದುಕೊಂಡ ಜೀವಿಗಳು. ಗೆರ್ರಿ ಡೇವಿಸ್ ಅವರೊಡನೆ ಈ ಕಥೆಯನ್ನು ಬರೆದ ಕಿಟ್ ಪೆಡ್ಲರ್ ವೈದ್ಯವಿಜ್ಞಾನಿಯಾಗಿದ್ದವರು. ಬದಲಿ ಅಂಗಗಳ ವಿದ್ಯೆ ಬೆಳೆದು ಬೆಳೆದು ಮನುಷ್ಯನಲ್ಲಿ ಮನುಷ್ಯನೇ ಉಳಿಯದಂತಾದರೆ ಗತಿಯೇನು ಎಂಬ ಅವರ ಅಂಜಿಕೆಯಿಂದಲೇ ಈ ಪಾತ್ರಗಳು ಹುಟ್ಟಿದ್ದವು.

ಆ ಕಾಲದಲ್ಲಿ ವಿಡಿಯೋ ಟೇಪು ದುಬಾರಿಯಾಗಿತ್ತು. ಒಮ್ಮೆ ತೋರಿಸಿದ ಕಾರ್ಯಕ್ರಮವನ್ನು ಅಳಿಸಿ, ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸುತ್ತಿದ್ದರು. ಕಲಾವಿದರೊಡನೆ ಆಗಿದ್ದ ಕರಾರುಗಳಿಂದಾಗಿ ಮರುಪ್ರಸಾರಕ್ಕೂ ಮಿತಿಯಿತ್ತು. ಹೊರದೇಶಗಳಿಗೆ ಮಾರಲು ತೆಗೆದಿದ್ದ ಫಿಲ್ಮ್ ಪ್ರತಿಗಳೂ ಕೆಲಸ ಮುಗಿದೊಡನೆ ಕಸದ ಪಾಲಾದವು. ಹೀಗೆ ಈ ಕಥೆಯ ನಾಲ್ಕು ಕಂತುಗಳೂ ಬಿಬಿಸಿಯ ಸಂಗ್ರಹದಿಂದ ಮಾಯವಾದವು. ಉಳಿದದ್ದು ಧ್ವನಿ ಮಾತ್ರ. ಟೆಲಿವಿಷನ್ನಿನ ಮುಂದೆ ರೆಕಾರ್ಡರ್ ಇಟ್ಟು ಕೆಲವು ಎಳೆಯ ಅಭಿಮಾನಿಗಳು ಹಿಡಿದಿಟ್ಟುಕೊಂಡ ಧ್ವನಿ.

ಇಲ್ಲದ ಕಥೆಯ ಕೀರ್ತಿ ಬೆಳೆಯತೊಡಗಿದ್ದು ಆಮೇಲೆ. ಬಾಲ್ಯದಲ್ಲಿ ಅದನ್ನು ನೋಡಿದ್ದವರು ದೊಡ್ಡವರಾಗಿ, ಮಂಜಿನ ಗೂಡುಗಳ ತೆಳುಪೊರೆಯನ್ನು ಹರಿದುಕೊಂಡು ಬೆಳ್ಳಿಬಣ್ಣದ ದೈತ್ಯರು ಮೆಲ್ಲಮೆಲ್ಲನೆ ಹೊರಬರುವ ದೃಶ್ಯವನ್ನು ಬಣ್ಣಿಸಿದರು. ನೋಡದವರು ಅದನ್ನು ನಂಬಿದರು. ಧಾರಾವಾಹಿಯ ಅತ್ಯುತ್ತಮ ಕಥೆಗಳಲ್ಲೊಂದು ಎಂಬ ತೀರ್ಪು ಸ್ಥಿರವಾಯಿತು. ಮೇಲ್ಮನವಿಗೆ ಅವಕಾಶವೇ ಇರಲಿಲ್ಲ, ಸಾಕ್ಷ್ಯವೇ ಇಲ್ಲವಲ್ಲ!

1991ರ ಕೊನೆಯಲ್ಲಿ ಆ ನಾಲ್ಕೂ ಕಂತುಗಳು ಹಾಂಗ್‌ಕಾಂಗಿನಲ್ಲಿ ದೊರೆತವು. 1992ರಲ್ಲಿ ವಿಡಿಯೋ ಕ್ಯಾಸೆಟ್ಟು ಹೊರಬಂದಿತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಟನನ್ನು ಮೇಲಕ್ಕೆತ್ತುವ ತಂತಿ ಕಣ್ಣಿಗೆ ಬಿದ್ದಿತು. ಎತ್ತಿ ಎಸೆದ ಸೈಬರ್‌ಮನ್ ಬರಿಯ ಬೊಂಬೆಯೆಂಬುದು ತಿಳಿಯಿತು. ಸಮಾಧಿಯನ್ನು ತೆರೆಯಬಾರದೆಂದು ಎಚ್ಚರಿಸುವ ಡಾಕ್ಟರೇ ಗುಟ್ಟಾಗಿ ಅದನ್ನು ತೆರೆಯಲು ನೆರವಾಗುವುದೇಕೆ ಎಂಬ ತಕರಾರು ಎದ್ದಿತು. ಹಲವರಿಗೆ ನಿರಾಸೆಯಾಯಿತು. ಇನ್ನು ಕೆಲವರು, ಪ್ಯಾಟ್ರಿಕ್ ಟ್ರೌಟನ್ ಅವರ ಅಭಿನಯವೊಂದೇ ಸಾಕು ಎಂದು ಪಟ್ಟು ಹಿಡಿದರು. ಮುಂದೆ ತಾನೇ ಡಾಕ್ಟರನ ಪಾತ್ರ ವಹಿಸಿದ ಮ್ಯಾಟ್ ಸ್ಮಿತ್ ಈ ಎರಡನೆಯ ಪಕ್ಷಕ್ಕೆ ಸೇರಿದವರು.

ಹೊರಬಿದ್ದ ದೋಷಗಳಲ್ಲಿ ತಂತಿಗಿಂತ ದೊಡ್ಡದೊಂದಿತ್ತು. ಈ ಕಥೆಯಲ್ಲಿ ಟೋಬರ್‌ಮನ್ ಎಂಬ ಕಪ್ಪುವರ್ಣದ ಸೇವಕನಿದ್ದಾನೆ. ಅಪಾರ ಬಲ, ಬೆರಳೆಣಿಕೆಯಷ್ಟು ಮಾತು. ಒಡತಿಯ ಆಜ್ಞೆಯನ್ನು ಪಾಲಿಸುವುದೇ ಅವನ ಕೆಲಸ. ಕೊನೆಯಲ್ಲಿ ಸಮಾಧಿಯ ಬಾಗಿಲನ್ನು ಮುಚ್ಚುತ್ತ ಎಲ್ಲರಿಗಾಗಿ ಪ್ರಾಣ ಕೊಡುವವನೂ ಅವನೇ. ಬಾಲ್ಯದ ನೆನಪುಗಳು ಬೆಳ್ಳಿಯ ದೈತ್ಯರನ್ನು ಜೋಪಾನವಾಗಿ ಕಾಪಾಡಿದ್ದವು. ಈ ಮನುಷ್ಯನಿಗೆ ಆದ ಅನ್ಯಾಯವನ್ನು ಅಷ್ಟಾಗಿ ಉಳಿಸಿಕೊಂಡಿರಲಿಲ್ಲ. ಇಂದಿನ ಅಭಿಮಾನಿಗಳು ಅದನ್ನು ಎತ್ತಿ ಆಡುತ್ತಾರೆ. ಆಡುವುದು ಸರಿಯೇ. ಪ್ರತಿ ದೊರೆಯದಿದ್ದರೆ ಆ ಮಾತಿಗೆ ಇಷ್ಟು ಬಲ ಬರುತ್ತಿರಲಿಲ್ಲ.

ದೊರೆತದ್ದೆಲ್ಲ ನಿರಾಸೆಯನ್ನೇ ತರುತ್ತದೆಂದೂ ಹೇಳಲಾಗದು. ಅದೇ ವರ್ಷದ ಕೊನೆಗೆ ಆರಂಭವಾದ 'ದ ಎನಿಮಿ ಆಫ್ ದ ವರ್ಲ್ಡ್' ಎಂಬ ಆರು ಕಂತುಗಳ ಕಥೆಯಲ್ಲಿ ಮೂರನೆಯದು ಮಾತ್ರ ಉಳಿದಿತ್ತು. ಅದು ತುಸು ನೀರಸವಾದ ಕಂತು. ಆದ್ದರಿಂದ ಇಡೀ ಕಥೆಯೇ ನೀರಸವೆಂದು ಹಲವರು ತೀರ್ಮಾನಿಸಿದ್ದರು. ಉಳಿದ ಐದೂ ಕಂತುಗಳು ನೈಜೀರಿಯಾದಲ್ಲಿ ಸಿಕ್ಕವೆಂಬ ಸುದ್ದಿ 2013ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಡಾಕ್ಟರನಾಗಿಯೂ ಖಳನಾಯಕನಾಗಿಯೂ ಟ್ರೌಟನ್ ನಟಿಸಿರುವ ಆ ಕಥೆಯನ್ನು ಪೂರ್ತಿ ನೋಡಿದವರು ಬೆರಗಾದರು. ಅದರ ಸ್ಥಾನ ಏರಿತು. ಉತ್ತರಪತ್ರಿಕೆಯ ನಡುವಿನ ಒಂದೇ ಹಾಳೆಯನ್ನು ನೋಡಿ ಹುಡುಗನನ್ನು ಅನುತ್ತೀರ್ಣಗೊಳಿಸುವ ಪರೀಕ್ಷಕರಿಗೆ ಇದೊಂದು ಪಾಠ.

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನು ಸೈಬರ್‌ಮೆನ್ ಕಥೆಯನ್ನು ಮೊಮ್ಮಗನ ಪಕ್ಕದಲ್ಲಿ ಕುಳಿತು ನೋಡಿದೆ. ನೆರೆಮನೆಯ ಹಿರಿಯರೊಬ್ಬರು ಅದನ್ನು 1967ರಲ್ಲಿಯೇ, ಎಂಟು ವರ್ಷದ ಬಾಲಕನಾಗಿ, ತಂದೆಯ ತೊಡೆಗೆ ಒತ್ತಿಕೊಂಡು ನೋಡಿದ್ದರಂತೆ. ನಮ್ಮೊಡನೆ ನೋಡಲು ಬನ್ನಿರೆಂದು ಕರೆದರೆ ಅವರು ಒಪ್ಪಲಿಲ್ಲ. ಮುಂದಿನ ಚಳಿಗಾಲದಲ್ಲಿ ಆ ತಂದೆ ತೀರಿಕೊಂಡರೆಂದೂ, ತಾನು ಹೆದರಿದಾಗ ಹೆಗಲ ಮೇಲೆ ಬಿದ್ದ ಅವರ ಕೈಯೇ ತನಗೆ ಉಳಿದಿರುವ ಸ್ಪಷ್ಟವಾದ ನೆನಪೆಂದೂ ಹೇಳಿದರು. ತಂತಿಯನ್ನು ಕಂಡು ನಕ್ಕುಬಿಟ್ಟರೆ ಆ ಕೈಯೂ ಹೋದೀತೆಂಬ ಭಯ ಅವರದು.

ಅಂದು ನನ್ನ ಮನಸ್ಸನ್ನು ಕಲಕಿದ್ದು ದೈತ್ಯರಲ್ಲ. ಮೂರನೆಯ ಕಂತಿನಲ್ಲಿ, ಈಚೆಗಷ್ಟೇ ತಂದೆಯನ್ನು ಕಳೆದುಕೊಂಡ ವಿಕ್ಟೋರಿಯಾ ಎಂಬ ಹುಡುಗಿ, ನಿಮಗೆ ನಿಮ್ಮ ಮನೆಯವರ ನೆನಪಿದೆಯೇ ಎಂದು ಡಾಕ್ಟರನನ್ನು ಕೇಳುತ್ತಾಳೆ. ಬೇಕೆಂದಾಗ ಅವರನ್ನು ಕಣ್ಮುಂದೆ ತಂದುಕೊಳ್ಳಬಲ್ಲೆ, ಉಳಿದ ಹೊತ್ತು ಅವರು ತನ್ನೊಳಗೆ ನಿದ್ರಿಸುತ್ತಿರುತ್ತಾರೆ ಎಂಬರ್ಥದ ಮಾತನ್ನು ಆತ ಮೆಲುದನಿಯಲ್ಲಿ ಹೇಳುತ್ತಾನೆ. ಆ ನೆರೆಯವರು ನೋಡಲೊಲ್ಲದ ಕಥೆಯೊಳಗೇ ಅವರಿಗೆ ಬೇಕಾದ ಸಮಾಧಾನವಿತ್ತು. ನಾನು ಅದನ್ನು ಅವರಿಗೆ ತಿಳಿಸಿದೆ. ಅವರು ತಲೆಯಾಡಿಸಿದರು, ನೋಡಿದರೋ ಇಲ್ಲವೋ ಕೇಳಲಿಲ್ಲ.

ನಮ್ಮಲ್ಲಿಯೂ ಇಂತಹ ನಷ್ಟವುಂಟು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ಆರ್. ನಾಗೇಂದ್ರರಾಯರ ರಾವಣ ಹೇಗಿದ್ದನೆಂದು ಹಿರಿಯರು ಹೇಳಿದ್ದನ್ನು ನಂಬುವುದಲ್ಲದೆ ನಮಗೆ ಬೇರೆ ದಾರಿಯಿಲ್ಲ. ಎಲ್ಲಿಯೋ ಒಂದು ಗೋದಾಮಿನಲ್ಲಿ ಅದರ ಡಬ್ಬಿ ದೊರೆತರೆ ನನ್ನಂಥವರಿಗೆ ನಿರಾಸೆಯೂ ಆದೀತು. ಆದರೂ ದೊರೆಯಲಿ ಎಂದೇ ನನ್ನ ಆಸೆ. ಹೊಗಳುವುದಕ್ಕೂ ತೆಗಳುವುದಕ್ಕೂ ಕೃತಿ ಮೊದಲು ಎದುರಿಗಿರಬೇಕು. 'ಡಾಕ್ಟರ್ ಹೂ'ವಿನ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇನ್ನೂ ಸಿಕ್ಕಿಲ್ಲ. ಅವುಗಳ ಅಭಿಮಾನಿಗಳು ಹುಡುಕುವುದನ್ನು ಬಿಟ್ಟಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳೋ ಫೋಟೋಗಳೋ ಇದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ಧೂಳು ಕೊಡವಿ ನೋಡಿರಿ.