ನಾಲ್ಕಾಣೆ ನೋವಿನ ಬೆಟ್ಟಗಳು

ಕಳೆದ ಯುಗಾದಿಗೆ ನಾಲ್ಕು ದಿನ ಮೊದಲು ನಾನು ಬಿದ್ದೆ. ಬೆಟ್ಟದಿಂದಲ್ಲ, ಮರದಿಂದಲ್ಲ, ಶಿವಮೊಗ್ಗದ ನಮ್ಮ ಮನೆಯ ಬಚ್ಚಲಿನ ಹೊಸ್ತಿಲಿನಿಂದ. ಅಳೆದು ನೋಡಿದರೆ ನಾಲ್ಕು ಅಂಗುಲ. ಅಷ್ಟಕ್ಕೇ ಬಲಗಾಲಿನ ಕಣಕಾಲಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. "ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕುರ್ಚಿ ಬಿಡದೆ ಕೂತವರಿಗೆ ಆರು ವಾರ ಕೂರುವುದೇನು ಕಷ್ಟ?" ಎಂದಳು ನಮ್ಮನೆಯವಳು. ಕಷ್ಟವೇ. ನಾನು ಬೆಟ್ಟ ಹತ್ತುವುದನ್ನು ಕಲಿತದ್ದೇ ನಿವೃತ್ತಿಯಾದ ಮೇಲೆ. ಇನ್ನು ಅದೆಲ್ಲ ಮುಗಿಯಿತೇನೋ ಎಂಬ ಹೆದರಿಕೆ ರಾತ್ರಿ ಹೊತ್ತು ಬರುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು, "ನಡೆಯಿರಿ, ಆದರೆ ನೋವು ಜಾಸ್ತಿಯಾಗದಷ್ಟು" ಎಂದರು. ಎಷ್ಟು ಎಂದರೆ ಎಷ್ಟು? ಗುಮಾಸ್ತನಿಗೆ ಅಂಕಿ ಬೇಕು. ಅದಕ್ಕೇ ನೋವನ್ನು ಆಣೆಯಲ್ಲಿ ಅಳೆಯತೊಡಗಿದೆ. ಮಕ್ಕಳೇ, 1957ಕ್ಕೆ ಮೊದಲು ನಮ್ಮ ರೂಪಾಯಿಗೆ ನೂರು ಪೈಸೆ ಇರಲಿಲ್ಲ, ಹದಿನಾರು ಆಣೆ ಇತ್ತು. ಬಿದ್ದ ದಿನದ ನೋವು ಪೂರ್ತಿ ಹದಿನಾರಾಣೆ. ನಡೆಯುವಾಗ ನಾಲ್ಕಾಣೆ ದಾಟಿದರೆ ಅಲ್ಲಿಂದಲೇ ವಾಪಸ್. ಮರುದಿನ ಬೆಳಿಗ್ಗೆಯೂ ಇಳಿಯದಿದ್ದರೆ ಅವತ್ತು ರಜೆ. ಪುಸ್ತಕದಲ್ಲಿ ತಾರೀಖು, ಜಾಗ, ಆಣೆ ಎಂದು ಮೂರು ಕಾಲಮ್ಮು ಗೀಟಿದೆ. ಏಳನೇ ಕ್ಲಾಸಿನ ನನ್ನ ಮೊಮ್ಮಗಳು ತಾನೇ ಆಡಿಟರ್ ಎಂದು ಘೋಷಿಸಿಕೊಂಡಳು.

ಎರಡು ತಿಂಗಳು ಗಾಂಧಿ ಪಾರ್ಕಿನ ಸಮತಟ್ಟು ನೆಲ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಆಮೇಲೆ ಗುಡ್ಡೇಕಲ್ಲು. ಆಡಿಕೃತ್ತಿಕೆಯಲ್ಲಿ ಹರೋಹರ ಎನ್ನುತ್ತಾ ಕಾವಡಿ ಹೊತ್ತವರು ಹತ್ತುವ ಬಾಲಸುಬ್ರಹ್ಮಣ್ಯನ ಗುಡ್ಡ ಅದು. ಜಾತ್ರೆಯ ಗದ್ದಲ ಮುಗಿದ ವಾರ ಹೋದೆ. ಹತ್ತುವಾಗ ಎರಡಾಣೆ. ಭಲೇ ಎಂದುಕೊಂಡು ಇಳಿಯತೊಡಗಿದರೆ ಐದಾಣೆ! ಹತ್ತುವಾಗ ದಣಿಯುವುದು ಉಸಿರು. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ, ಮಾಂಸಖಂಡಗಳು ಬ್ರೇಕಿನಂತೆ ಹಿಡಿಯಬೇಕು. ಬೆಟ್ಟ ಆರಿಸುವಾಗ ತುದಿಯನ್ನು ನೋಡದೆ ಇಳಿಜಾರನ್ನು ನೋಡಬೇಕೆಂದು ನನಗೆ ಎಪ್ಪತ್ತು ದಾಟಿದ ಮೇಲೆ ಗೊತ್ತಾಯಿತು.

ಹಾಗಾಗಿ 1,343 ಮೀಟರಿನ ಕೊಡಚಾದ್ರಿಗೆ ಈ ವರ್ಷ ಕೈಮುಗಿದೆ. ಜೀಪು ಬಹಳ ಮೇಲಿನವರೆಗೂ ಹೋಗುತ್ತದೆ ನಿಜ, ಆದರೆ ಆ ದಾರಿಯಲ್ಲಿ ಜೀಪಿನಲ್ಲಿ ಕೂರುವುದಕ್ಕೂ ಗಟ್ಟಿ ಮೂಳೆ ಬೇಕು. ಕೆಳದಿ ನಾಯಕರ ಕವಲೇದುರ್ಗವೂ ಬೇಡ. ಕಲ್ಲು ಹಾಸಿದ ಆ ದಾರಿ ಚಂದವೇ, ಆದರೆ ಮಳೆಗಾಲದ ಪಾಚಿ ಒಣಗುವ ತನಕ ನನ್ನಂಥವರಿಗಲ್ಲ.

ದಸರಾ ರಜೆಯಲ್ಲಿ ಕುಪ್ಪಳಿಗೆ ಹೋದೆವು. ಕವಿಮನೆಯಿಂದ ಮೇಲೆ ಕವಿಶೈಲಕ್ಕೆ ಸಣ್ಣ ನಡಿಗೆ, ಕುವೆಂಪು ಅವರ ಸಮಾಧಿ ಅಲ್ಲೇ ಇದೆ. ಬಂಡೆಯ ಮೇಲೆ ಕೂತರೆ ಎದುರಿಗೆ ಕಾಡು, ಅದರಾಚೆ ಗುಡ್ಡ, ಅದರಾಚೆ ಮತ್ತೂ ಗುಡ್ಡ. ಮೊಮ್ಮಗಳು ಸಹ ಹತ್ತು ನಿಮಿಷ ಮಾತಾಡಲಿಲ್ಲ, ಇದು ದಾಖಲೆ. ಎರಡಾಣೆ. ಮುಂದಿನ ತಿಂಗಳು ಆಗುಂಬೆ ಬಳಿಯ ಕುಂದಾದ್ರಿ. ರಸ್ತೆಯೇ ಮುಕ್ಕಾಲು ಕೆಲಸ ಮಾಡಿಕೊಡುತ್ತದೆ, ಉಳಿದದ್ದು ಮೆಟ್ಟಿಲು. ಏಕಶಿಲೆಯ ಬೆಟ್ಟದ ತಲೆಯ ಮೇಲೆ ಪಾರ್ಶ್ವನಾಥನ ಬಸದಿ, ಪಕ್ಕದಲ್ಲೇ ಬಂಡೆಯೊಳಗೆ ನೀರಿನ ಕೊಳ. ಮಂಜು ಎದ್ದು ಬಂದು ಬಸದಿ ಕಾಣದಾಯಿತು. ಮೂರಾಣೆ.

ಆದರೆ ನನ್ನ ಮನಸ್ಸಿದ್ದದ್ದು ಕೆಮ್ಮಣ್ಣುಗುಂಡಿಯ ಮೇಲೆ. ಅದಕ್ಕೊಂದು ಕಾರಣವಿದೆ. ನಾನು ಬೆಳೆದದ್ದು ಭದ್ರಾವತಿಯಲ್ಲಿ. ನಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದಾಗ ಒಲೆಗೆ ಹಾಕುತ್ತಿದ್ದದ್ದು ಮಲೆನಾಡಿನ ಮರದ ಇದ್ದಿಲು, ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲಿಂದ ಅದಿರು ತುಂಬಿದ ತೊಟ್ಟಿಗಳು ರೋಪ್‌ವೇಯಲ್ಲಿ ತೂಗಾಡುತ್ತಾ ಇಳಿಯುತ್ತಿದ್ದವಂತೆ. ಅಪ್ಪ ಕೆಲಸದಿಂದ ಬಂದ ಮೇಲೆ ಅಮ್ಮ ಅಂಗಿ ನೆನೆಹಾಕಿದರೆ ಬಕೆಟ್ಟಿನ ನೀರು ಕೆಂಪಾಗುತ್ತಿತ್ತು. "ಈ ಮಣ್ಣಿನ ಊರಿಗೆ ಒಂದಿನ ಕರ್ಕೊಂಡು ಹೋಗ್ತೀನಿ ಕಣೋ" ಎನ್ನುತ್ತಿದ್ದರು. ಶಿಫ್ಟು, ಸಾಲ, ಮೂವರು ತಂಗಿಯರ ಮದುವೆ. ಅವರೂ ಹೋಗಲಿಲ್ಲ, ನನ್ನನ್ನೂ ಕರೆದೊಯ್ಯಲಿಲ್ಲ. ನಾನೂ ಅದೇಕೋ ಅದೊಂದನ್ನು ಬಾಕಿ ಉಳಿಸಿಕೊಂಡೇ ಬಂದಿದ್ದೆ.

ಕ್ರಿಸ್‌ಮಸ್ ರಜೆಯಲ್ಲಿ ಮಗ ಕಾರು ತೆಗೆದ. ತರೀಕೆರೆ, ಲಿಂಗದಹಳ್ಳಿ ದಾಟಿ ಮೇಲೆ ಹೋದೆವು. ತೋಟ ನೋಡಿದ್ದಾಯಿತು. ಅಲ್ಲಿಂದ ಝಡ್ ಪಾಯಿಂಟಿಗೆ ಕಾಲುದಾರಿ. ಒಂದು ಬದಿಗೆ ಬೆಟ್ಟದ ಗೋಡೆ, ಇನ್ನೊಂದು ಬದಿಗೆ ಕಣಿವೆ, ಗಾಳಿಗೆ ಬಾಗುವ ಹುಲ್ಲು. ದಾರಿಯ ಮಣ್ಣು ಕುಂಕುಮದ ಹಾಗೆ. ಬಗ್ಗಿ ಒಂದು ಚಿಟಿಕೆ ಎತ್ತಿಕೊಂಡೆ. ಶಾಂತಿ ಜಲಪಾತದ ತನಕ ಚೆನ್ನಾಗಿಯೇ ನಡೆದೆ. ಮುಂದಿನ ದಾರಿ ಕೊನೆಯಲ್ಲಿ ಕಡಿದಾಗಿ ಏರುತ್ತದೆ. ಕಾಲು ಆಗಲೇ ನಾಲ್ಕಾಣೆ ಕೇಳುತ್ತಿತ್ತು.

"ಇನ್ನು ಸ್ವಲ್ಪ ದೂರ ಅಷ್ಟೇ ಅಪ್ಪ" ಎಂದ ಮಗ. ನನಗೂ ಆಸೆಯೇ. ಇಷ್ಟು ವರ್ಷದ ಬಾಕಿ. ಆದರೆ ಆಡಿಟರಮ್ಮ ಸೊಂಟದ ಮೇಲೆ ಕೈಯಿಟ್ಟು, "ಎಷ್ಟಾಣೆ ಅಜ್ಜ? ನಿಜ ಹೇಳು" ಎಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ನೀರಿನ ಪಕ್ಕ ಕಲ್ಲಿನ ಮೇಲೆ ಕೂತೆ, ಅವರಿಬ್ಬರೂ ಮುಂದೆ ಹೋದರು. ತಿರುವಿನಲ್ಲಿ ಅವಳ ಹಳದಿ ಟೋಪಿ ಎರಡು ಸಲ ಕಾಣಿಸಿತು. ಒಂದು ಗಂಟೆಯ ಮೇಲೆ ಅವಳು ಓಡುತ್ತಾ ಬಂದು, ಕಂಡದ್ದನ್ನೆಲ್ಲ ಉಸಿರು ಬಿಡದೆ ಹೇಳಿದಳು. ಅವಳ ಬಿಳಿ ಕಾಲುಚೀಲ ಗುರುತು ಸಿಗದಷ್ಟು ಕೆಂಪಾಗಿತ್ತು.

ರಾತ್ರಿ ಮನೆಗೆ ಬಂದು ಅದನ್ನು ನಾನೇ ಬಕೆಟ್ಟಿನಲ್ಲಿ ನೆನೆಹಾಕಿದೆ. ನೀರನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದೆ. ಬಚ್ಚಲಿನ ಹೊಸ್ತಿಲನ್ನು ಹುಷಾರಾಗಿ ದಾಟಿ ಬಂದು, ಪುಸ್ತಕದಲ್ಲಿ ನಾಲ್ಕಾಣೆ ಎಂದು ಬರೆದು ಮಲಗಿದೆ. ಬೆಳಿಗ್ಗೆ ನಾನು ಕುಂಟುವುದನ್ನು ನೋಡಿದ ಮೊಮ್ಮಗಳು ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಆರಾಣೆ ಎಂದು ತಿದ್ದಿ, ಪಕ್ಕದಲ್ಲಿ ರುಜು ಹಾಕಿದ್ದಾಳೆ.